ಮೊದಲು ನಿಲ್ಲಿಸುವ ಕೀ ಕಲಿಸಿ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮೊದಲ ವಾರವೇ ಸಿಗುವ ಉಪದೇಶ ಒಂದಿದೆ: ‘ಮೌಸ್ ಮುಟ್ಟಬೇಡ.’ ಕೋಡ್ ಎಡಿಟರಿನ ಶಾರ್ಟ್‌ಕಟ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಅವರ ಮೇಜಿನ ಮುಂದೆ ಅಂಟಿಸುತ್ತಾರೆ. ಸೀನಿಯರ್ ಒಬ್ಬ ಪಕ್ಕದಲ್ಲಿ ಕೂತು ಹತ್ತು ಸಾಲುಗಳನ್ನು ಒಂದೇ ಏಟಿಗೆ ಬದಲಿಸಿ ತೋರಿಸುತ್ತಾನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಫೈಲುಗಳನ್ನು ಹೊಕ್ಕು ಬರುತ್ತಾನೆ. ಇಂಟರ್‌ವ್ಯೂನಲ್ಲಿ ಸ್ಕ್ರೀನ್ ಶೇರ್ ಮಾಡಿಸಿ, ಅಭ್ಯರ್ಥಿಯ ಬೆರಳು ಎಷ್ಟು ಚುರುಕು ಎಂದು ನೋಡಿಯೇ ಅರ್ಧ ತೀರ್ಪು ಕೊಟ್ಟುಬಿಡುವವರನ್ನು ನಾನು ಬಲ್ಲೆ. ಮೆನು ತೆರೆದು ಹುಡುಕುವವರನ್ನು ಕಂಡರೆ ‘ಇನ್ನೂ ಕಾಲೇಜು ಬಿಟ್ಟಿಲ್ಲ’ ಎಂಬ ನಗು.

ಈ ನಂಬಿಕೆ ತಪ್ಪು. ಒಂದು ತಲೆಮಾರಿನ ಕಸುಬನ್ನೇ ಕೆಡಿಸುತ್ತಿರುವ ತಪ್ಪು. ಬೆರಳಿನ ವೇಗವನ್ನು ಕೌಶಲ ಎಂದು ಕರೆದ ದಿನದಿಂದ ನಾವು ಕೌಶಲವನ್ನು ಕಲಿಸುವುದನ್ನೇ ಬಿಟ್ಟಿದ್ದೇವೆ. ಪ್ರೋಗ್ರಾಮರನ ಹೊತ್ತೆಲ್ಲ ಹೋಗುವುದು ಬರೆದ ಕೋಡು ಯಾಕೆ ಹೀಗೆ ನಡೆದುಕೊಳ್ಳುತ್ತಿದೆ ಎಂದು ತಿಳಿದುಕೊಳ್ಳುವುದಕ್ಕೆ. ಟೈಪ್ ಮಾಡಲು ಹಿಡಿಯುವ ಹೊತ್ತು ಅದರ ಮುಂದೆ ಏನೇನೂ ಅಲ್ಲ. ಬಾಯಿಪಾಠ ಮಾಡಲೇಬೇಕಾದ ಕೀಗಳು ಇದ್ದರೆ, ಅವು ಓಡುತ್ತಿರುವ ಪ್ರೋಗ್ರಾಮನ್ನು ಹಿಡಿದು ನಿಲ್ಲಿಸುವ ಕೀಗಳು. ಮೇಜಿನ ಮುಂದೆ ಅಂಟಿಸಿದ ಆ ಹಾಳೆಯಲ್ಲಿ ಅವು ಕಟ್ಟಕಡೆಯ ಮೂಲೆಯಲ್ಲಿರುತ್ತವೆ. ಅಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ.

ಹೊತ್ತೆಲ್ಲ ಬರೆದ ಕೋಡನ್ನು ತಿಳಿದುಕೊಳ್ಳುವುದಕ್ಕೇ ಹೋಗುತ್ತದೆ ಎಂಬುದು ನನ್ನ ಹೊಸ ಕಾಣ್ಕೆಯೇನೂ ಅಲ್ಲ. 1949ರಲ್ಲಿ ಕೇಂಬ್ರಿಡ್ಜಿನಲ್ಲಿ ಎಡ್ಸ್ಯಾಕ್ ಯಂತ್ರ ಕೆಲಸ ಶುರುಮಾಡಿದ ಹೊಸತರಲ್ಲೇ, ಅದನ್ನು ಕಟ್ಟಿದ ಮಾರಿಸ್ ವಿಲ್ಕ್ಸ್‌ಗೆ ಒಂದು ದಿನ ಮೆಟ್ಟಿಲ ಮೇಲೆ ಈ ಸತ್ಯ ಹೊಳೆಯಿತು: ತನ್ನ ಉಳಿದ ಬದುಕಿನ ದೊಡ್ಡ ಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆ. ಆಗ ಎಡಿಟರ್ ಎಂಬುದೇ ಇರಲಿಲ್ಲ, ಕಾಗದದ ಪಟ್ಟಿಗೆ ತೂತು ಹೊಡೆದು ಯಂತ್ರಕ್ಕೆ ಉಣಿಸಬೇಕಿತ್ತು. ಸಲಕರಣೆ ನೂರು ಪಾಲು ಬದಲಾಗಿದೆ, ವಿಲ್ಕ್ಸ್ ಕಂಡ ಸತ್ಯ ಒಂದಿಷ್ಟೂ ಬದಲಾಗಿಲ್ಲ.

ನನಗೆ ಅದು ಮನವರಿಕೆಯಾದ ಮಧ್ಯಾಹ್ನವೊಂದನ್ನು ಹೇಳಬೇಕು. ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಒಂದು ಸಂಘದ ಸದಸ್ಯರ ಪಟ್ಟಿ ನಮ್ಮ ಕೈಗೆ ಬಂದಿತ್ತು. ಹೆಸರುಗಳೆಲ್ಲ ಕನ್ನಡದಲ್ಲಿ. ಜೊತೆಗೆ ಅವರ ಫೋಟೋಗಳು, ಪ್ರತಿ ಫೋಟೋ ಫೈಲಿಗೂ ಆ ಸದಸ್ಯರ ಹೆಸರೇ ಹೆಸರು. ಪಟ್ಟಿಯ ಹೆಸರಿಗೆ ಫೋಟೋ ಜೋಡಿಸುವ ಪುಟ್ಟ ಪ್ರೋಗ್ರಾಮು ಬರೆದೆ. ಕಮಲಳಿಗೆ ಫೋಟೋ ಸಿಕ್ಕಿತು, ರಮಾಗೆ ಸಿಕ್ಕಿತು, ಶಿವುವಿಗೂ ಸಿಕ್ಕಿತು. ಗೋಪಾಲನಿಗೆ ಸಿಗಲಿಲ್ಲ. ಸೀತಾಗೆ, ದೇವಕಿಗೆ, ಮೈಲಾರನಿಗೆ ಕೂಡ ಇಲ್ಲ. ಫೈಲುಗಳು ಕಣ್ಣೆದುರಿಗೇ ಇದ್ದವು.

ಆ ದಿನಗಳಲ್ಲಿ ನನ್ನ ಬೆರಳಿನ ವೇಗಕ್ಕೆ ಟೀಮಿನಲ್ಲಿ ಹೆಸರಿತ್ತು. ಒಂದೇ ಸಲ ಹಲವು ಕರ್ಸರ್ ಇಟ್ಟು ಮೂವತ್ತು ಕಡೆ ಹೆಸರನ್ನು ಪರದೆಗೆ ತೋರಿಸುವ ಪ್ರಿಂಟ್ ಸಾಲು ಹಾಕಿದೆ, ಒಂದು ನಿಮಿಷವೂ ಹಿಡಿಯಲಿಲ್ಲ. ಪರದೆಯ ತುಂಬ ಗೋಪಾಲ, ಗೋಪಾಲ, ಗೋಪಾಲ. ಪಟ್ಟಿಯಲ್ಲೂ ಗೋಪಾಲ, ಫೈಲಿನಲ್ಲೂ ಗೋಪಾಲ. ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಸೇರಿಕೊಂಡಿದೆಯೇನೋ ಎಂದು ಅದನ್ನು ಕತ್ತರಿಸಿದೆ. ಫಾಂಟ್ ಬದಲಿಸಿದೆ. ಹೋಲಿಸುವ ಫಂಕ್ಷನ್ನನ್ನು ಮೂರು ಸಲ ಅಳಿಸಿ ಬರೆದೆ. ಊಟ ಮುಗಿಸಿ ಎರಡು ಗಂಟೆಗೆ ಕೂತವನು ಆರು ಗಂಟೆಯಾದರೂ ಎದ್ದಿರಲಿಲ್ಲ.

ಟೆಸ್ಟಿಂಗ್ ವಿಭಾಗದಲ್ಲಿ ನಮಗಿಂತ ಹಿರಿಯರಾದ ಒಬ್ಬರು ಮೇಡಂ ಇದ್ದರು. ಕಾಪಿ ಮಾಡಲೂ ಮೆನುವಿಗೆ ಹೋಗುತ್ತಿದ್ದರು, ಅದಕ್ಕಾಗಿ ಹುಡುಗರು ಅವರ ಬೆನ್ನ ಹಿಂದೆ ನಗುತ್ತಿದ್ದರು. ಮನೆಗೆ ಹೊರಟವರು ನನ್ನ ಮುಖ ನೋಡಿ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತರು. ‘ಸ್ವಲ್ಪ ಕೈ ಎತ್ತಿ. ಎರಡೂ ಒಂದೇನಾ ಅಂತ ಯಾವ ಸಾಲಲ್ಲಿ ಕೇಳ್ತೀರಿ? ಅಲ್ಲಿ ನಿಲ್ಲಿಸೋಣ’ ಎಂದರು. ಆ ಸಾಲಿನ ಅಂಚಿನಲ್ಲಿ ಮೌಸಿನಿಂದಲೇ ಒತ್ತಿ ಬ್ರೇಕ್‌ಪಾಯಿಂಟ್ ಇಟ್ಟರು. ಅದಕ್ಕೊಂದು ಷರತ್ತು ಬರೆದರು: ಎರಡೂ ಹೆಸರು ‘ಗ’ದಿಂದ ಶುರುವಾದರೆ ಮಾತ್ರ ನಿಲ್ಲು. ಪ್ರೋಗ್ರಾಮು ಓಡಿತು, ಎರಡು ಗೋಪಾಲರ ಮುಂದೆ ಬಂದು ನಿಂತಿತು. ಅವರು ಒಂದೇ ಪ್ರಶ್ನೆ ಕೇಳಿದ್ದು: ಇದರ ಉದ್ದ ಎಷ್ಟು, ಅದರ ಉದ್ದ ಎಷ್ಟು? ಮೊದಲನೆಯದು 5. ಎರಡನೆಯದು 7.

‘ಕಣ್ಣಿಗೆ ಒಂದೇ, ಲೆಕ್ಕಕ್ಕೆ ಬೇರೆ. ಆ ಎರಡು ಎಲ್ಲಿಂದ ಬಂತು ಅಂತ ಹುಡುಕಿ’ ಎಂದು ಮೇಡಂ ಚೀಲ ಎತ್ತಿಕೊಂಡು ಹೊರಟರು.

ಹುಡುಕಿದೆ. ಯುನಿಕೋಡ್‌ನಲ್ಲಿ ‘ಗೋ’ ಬರೆಯಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ‘ಗ’ದ ಮುಂದೆ ಓತ್ವದ ಚಿಹ್ನೆಯನ್ನು ಇಡಿಯಾಗಿ ಒಂದೇ ಸಂಕೇತದಲ್ಲಿ ಇಡಬಹುದು. ಇಲ್ಲವೇ ಎತ್ವ, ಊತ್ವದ ಕೊಂಬು, ದೀರ್ಘದ ಗುರುತು ಎಂದು ಮೂರು ತುಂಡಾಗಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ‘ಗೋ’. ಸದಸ್ಯರ ಪಟ್ಟಿಯನ್ನು ವಿಂಡೋಸಿನಲ್ಲಿ ಟೈಪ್ ಮಾಡಿದ್ದರು, ಅಲ್ಲಿ ಚಿಹ್ನೆ ಇಡಿಯಾಗಿತ್ತು. ಫೋಟೋಗಳು ಒಂದು ಮ್ಯಾಕ್‌ನಲ್ಲಿದ್ದವು. ಅದರ ಎಚ್‌ಎಫ್‌ಎಸ್ ಪ್ಲಸ್ ಎಂಬ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ತುಂಡು ಮಾಡಿಯೇ ಇಡುತ್ತಿತ್ತು. ಈತ್ವ, ಏತ್ವ, ಐತ್ವ, ಒತ್ವ, ಓತ್ವ ಹೀಗೆ ಬಿಡಿಸಿಕೊಳ್ಳುತ್ತವೆ. ಆತ್ವ, ಇತ್ವ, ಉತ್ವ ಬಿಡಿಸಿಕೊಳ್ಳುವುದಿಲ್ಲ. ಕಮಲ, ರಮಾ, ಶಿವು ಪಾರಾಗಿ ಸೀತಾ, ದೇವಕಿ, ಮೈಲಾರ, ಗೋಪಾಲ ಸಿಕ್ಕಿಬಿದ್ದದ್ದು ಅದಕ್ಕೇ. ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವ ಒಂದು ಸಾಲು ಸೇರಿಸಿದೆ. ಎಲ್ಲರಿಗೂ ಅವರವರ ಮುಖ ಸಿಕ್ಕಿತು.

ನಾನು ಹಾಕಿದ ಮೂವತ್ತು ಪ್ರಿಂಟುಗಳು ಸುಳ್ಳು ಹೇಳಲಿಲ್ಲ. ಮೂವತ್ತಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ, ಅದೂ ತಪ್ಪು ಪ್ರಶ್ನೆ. ಉದ್ದವನ್ನು ಪ್ರಿಂಟ್ ಮಾಡಿದ್ದರೂ ಉತ್ತರ ಸಿಗುತ್ತಿತ್ತು. ಆ ಪ್ರಶ್ನೆ ನನಗೆ ಹೊಳೆಯದೇ ಹೋದದ್ದು ಬೆರಳು ನಿಲ್ಲದ ಕಾರಣಕ್ಕೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈಗ ವೇಗದ ಪಕ್ಷದವರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಂಪ್ಯೂಟರಿನ ಮುಂದೆ ಕೂತ ಮನುಷ್ಯನ ಕೈಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು 1980ರಲ್ಲೇ ಅಳೆದು ಪ್ರಕಟಿಸಿದರು. ಪಳಗಿದ ಕೈಗೆ ಒಂದು ಕೀ ಒತ್ತಲು ಸುಮಾರು 0.2 ಸೆಕೆಂಡು. ಕೀಬೋರ್ಡಿನಿಂದ ಮೌಸಿಗೆ ಕೈ ಹೋಗಲು 0.4. ಮೌಸಿನಿಂದ ಗುರಿ ಮುಟ್ಟಲು 1.1. ಮುಂದೇನು ಮಾಡಬೇಕೆಂದು ಮನಸ್ಸು ಸಿದ್ಧವಾಗಲು 1.35. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬೆರಳಿನದಲ್ಲ, ಮನಸ್ಸಿನದು. ಆಪಲ್ ಕಂಪನಿಯಲ್ಲಿದ್ದ ಬ್ರೂಸ್ ಟೊಗ್ನಜ್ಜಿನಿ 1989ರಲ್ಲಿ ಇನ್ನೂ ಮುಂದೆ ಹೋಗಿ, ಶಾರ್ಟ್‌ಕಟ್ ಬಳಸುವವರಿಗೆ ತಾವೇ ವೇಗ ಅನ್ನಿಸುತ್ತದೆ, ಗಡಿಯಾರ ಹಿಡಿದರೆ ಮೌಸ್ ಗೆಲ್ಲುತ್ತದೆ ಎಂದು ಬರೆದರು. ಆ ಮಾತಿಗೆ ಇವತ್ತಿಗೂ ತಕರಾರುಗಳಿವೆ. ಅದನ್ನು ನಾನು ಆಧಾರವಾಗಿ ಹಿಡಿಯುವುದಿಲ್ಲ, ಎದುರು ಪಕ್ಷಕ್ಕೆ ಹೆಚ್ಚು ಅನುಕೂಲವಾದ ಲೆಕ್ಕವನ್ನೇ ಹಿಡಿಯುತ್ತೇನೆ.

ಕೈ ಮೌಸಿಗೆ ಹೋಗಿ, ಗುರಿ ಮುಟ್ಟಿ, ಹಿಂತಿರುಗಲು 1.9 ಸೆಕೆಂಡು. ಎರಡು ಕೀಗಳ ಶಾರ್ಟ್‌ಕಟ್‌ಗೆ 0.4. ಉಳಿತಾಯ ಒಂದೂವರೆ ಸೆಕೆಂಡು. ದಿನಕ್ಕೆ ಇನ್ನೂರು ಸಲ ಹೀಗೆ ಉಳಿಸಿದರೆ ಐದು ನಿಮಿಷ. ಗೋಪಾಲನ ಮುಂದೆ ನಾನು ಕಳೆದದ್ದು ನಾಲ್ಕು ಗಂಟೆ. ಆ ಒಂದು ಮಧ್ಯಾಹ್ನದ ನಷ್ಟ ತುಂಬಲು 48 ದಿನ ಶಾರ್ಟ್‌ಕಟ್ ಒತ್ತಬೇಕು, ಅಂದರೆ ಎರಡು ತಿಂಗಳಿಗೂ ಹೆಚ್ಚಿನ ಕೆಲಸದ ದಿನಗಳು. ಇಂಥ ಮಧ್ಯಾಹ್ನಗಳು ಪ್ರೋಗ್ರಾಮರನ ಬದುಕಿನಲ್ಲಿ ವರ್ಷಕ್ಕೆ ಒಂದೇ ಬರುತ್ತವೆಯೇ? ತಿಂಗಳಿಗೆ ಒಂದೇ ಬಂದರೆ ಪುಣ್ಯ.

‘ಹಾಗಾದರೆ ದೊಡ್ಡ ದೊಡ್ಡವರೆಲ್ಲ ವಿಐ ಎಡಿಟರಿನಲ್ಲಿ ಮೌಸ್ ಇಲ್ಲದೇ ಕೆಲಸ ಮಾಡುತ್ತಾರಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಮಾಡುತ್ತಾರೆ. ಆದರೆ ಆ ಎಡಿಟರ್ ಹಾಗೆ ಯಾಕೆ ಹುಟ್ಟಿತು ಎಂಬುದನ್ನು ತಿಳಿದುಕೊಳ್ಳದೆ ಅದನ್ನು ಬಾವುಟ ಮಾಡಬಾರದು. ಬಿಲ್ ಜಾಯ್ 1976ರ ಹೊತ್ತಿಗೆ ಬರ್ಕ್ಲಿಯಲ್ಲಿ ಅದನ್ನು ಬರೆದಾಗ ಅವರೆದುರು ಇದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರ ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣದ ಗುರುತುಗಳನ್ನು ಅಚ್ಚು ಹಾಕಿದ್ದರು, ಬೇರೆ ಬಾಣದ ಕೀಗಳು ಇರಲೇ ಇಲ್ಲ. ಎಸ್ಕೇಪ್ ಕೀ ಇದ್ದದ್ದು ಇವತ್ತು ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಸಿಗುವ ಹಾಗೆ. ಟೆಲಿಫೋನ್ ತಂತಿಯ ಮೇಲಿನ 300 ಬಾಡ್ ಮೋಡೆಮ್‌ನಲ್ಲಿ ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರ ಹರಿದು ಬರುತ್ತಿದ್ದವು. 24 ಸಾಲು, ಸಾಲಿಗೆ 80 ಅಕ್ಷರದ ಪರದೆ ಪೂರ್ತಿ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. ಅಂಥಲ್ಲಿ ಒಂದೇ ಅಕ್ಷರದ ಆಜ್ಞೆಗಳು ಬಂದದ್ದು ಬಡತನದಲ್ಲಿ ಮನೆ ನಡೆಸಿದ ಜಾಣ್ಮೆಯಿಂದ. ಆ ಜಾಣ್ಮೆಗೆ ಕೈಮುಗಿಯೋಣ. ಐವತ್ತು ವರ್ಷದ ಮೇಲೆ ಆ ಬಡತನದ ಗುರುತನ್ನು ಜಾತಿಯ ಗುರುತು ಮಾಡಿಕೊಂಡು, ಅದು ಇಲ್ಲದವರನ್ನು ಪಂಕ್ತಿಯಿಂದ ಹೊರಗಿಡುವುದು ಯಾವ ನ್ಯಾಯ?

ಕಟ್, ಕಾಪಿ, ಪೇಸ್ಟ್ ಕೊಟ್ಟ ಲ್ಯಾರಿ ಟೆಸ್ಲರ್ ಇದಕ್ಕೆ ತೀರ ವಿರುದ್ಧದ ದಿಕ್ಕಿನಲ್ಲಿ ನಡೆದವರು. 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಅವರು ಹಟ ಹಿಡಿದದ್ದು ಒಂದೇ ಮಾತಿಗೆ: ಎಡಿಟರ್ ಈಗ ಯಾವ ಸ್ಥಿತಿಯಲ್ಲಿದೆ, ಈ ಕೀ ಒತ್ತಿದರೆ ಏನಾದೀತು ಎಂದು ಬಳಸುವವರು ನೆನಪಿಟ್ಟುಕೊಳ್ಳುವ ಹೊರೆ ಇರಕೂಡದು. ನಾವು ದಿನವೂ ಒತ್ತುವ ಶಾರ್ಟ್‌ಕಟ್‌ಗಳ ಹಿಂದೆ ಇರುವುದು ನೆನಪಿನ ಭಾರ ಇಳಿಸುವ ಆಸೆ. ಆ ಶಾರ್ಟ್‌ಕಟ್‌ಗಳನ್ನೇ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಿ ಕೂತವರು ನಾವು.

ವೇಗದ ಈ ಪೂಜೆಗೆ ಒಂದು ಅವಳಿ ನಂಬಿಕೆ ಇದೆ: ‘ಡಿಬಗರ್ ಎಲ್ಲ ಯಾಕೆ, ಪ್ರಿಂಟ್ ಸಾಕು.’ ಡಿಬಗರ್ ಎಂದರೆ ಓಡುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಸಲಕರಣೆ, ಮೇಡಂ ಬಳಸಿದ್ದು ಅದನ್ನೇ. ಈ ನಂಬಿಕೆಗೆ ಬ್ರಯಾನ್ ಕರ್ನಿಗನ್ ಅವರನ್ನು ಸಾಕ್ಷಿಗೆ ಕರೆಯುತ್ತಾರೆ. 1979ರಲ್ಲಿ ಯುನಿಕ್ಸ್ ಕಲಿಯುವವರಿಗಾಗಿ ಬರೆದಾಗ ಅವರು ಪ್ರಿಂಟನ್ನು ಹೊಗಳಿದ್ದು ನಿಜ. ಆದರೆ ಅವರು ಮೊದಲ ಸ್ಥಾನ ಕೊಟ್ಟದ್ದು ಎಚ್ಚರದ ಯೋಚನೆಗೆ. ಪ್ರಿಂಟ್ ಅದರ ಜೊತೆಗಾರ, ಅದೂ ಎಲ್ಲಿ ಹಾಕಬೇಕೆಂದು ವಿವೇಚಿಸಿ ಹಾಕಿದ್ದು. ಮಾತಿನ ಮೊದಲರ್ಧ ನುಂಗಿ ಕೊನೆಯರ್ಧ ಮಾತ್ರ ಉಗುಳುವುದು ಸಾಕ್ಷಿಗೆ ಮಾಡುವ ಮೋಸ. ಇನ್ನೊಬ್ಬ ಸಾಕ್ಷಿ ಲಿನಸ್ ಟೊರ್ವಾಲ್ಡ್ಸ್. ಲಿನಕ್ಸ್ ಕರ್ನಲ್ಲಿನೊಳಗೆ ಡಿಬಗರ್ ಸೇರಿಸಲು ಅವರು 2000ದಲ್ಲಿ ಖಡಾಖಂಡಿತವಾಗಿ ಒಪ್ಪಲಿಲ್ಲ, ಡಿಬಗರ್ ಸಿಕ್ಕರೆ ಜನ ಯೋಚಿಸದೆ ತೇಪೆ ಹಾಕುತ್ತಾರೆ ಎಂಬುದು ಅವರ ಅಂಜಿಕೆಯಾಗಿತ್ತು. 2008ರಲ್ಲಿ ಅದೇ ಕರ್ನಲ್ಲಿನ 2.6.26 ಆವೃತ್ತಿಗೆ ಕೆಜಿಡಿಬಿ ಎಂಬ ಡಿಬಗರ್ ಸೇರಿತು. ಬಾಗಿಲು ತೆರೆಯಿತು, ಮನೆ ಬೀಳಲಿಲ್ಲ. ಇಬ್ಬರು ಸಾಕ್ಷಿಗಳೂ ಹೇಳಿದ್ದು ಯೋಚನೆಯ ಪರವಾಗಿ. ಬೆರಳಿನ ಪರವಾಗಿ ಒಬ್ಬರೂ ಹೇಳಲಿಲ್ಲ.

ಟೊರ್ವಾಲ್ಡ್ಸ್ ಅಂಜಿಕೆಯಲ್ಲಿ ಹುರುಳಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಊಹೆಯೇ ಇಲ್ಲದೆ ಸಾಲು ಸಾಲಾಗಿ ಎಫ್10 ಒತ್ತುತ್ತ ಹೋಗುವುದೂ ಬೆರಳಿನ ಚಟವೇ. ಎರಡು ಥ್ರೆಡ್‌ಗಳು ಒಂದರ ಮೇಲೊಂದು ಬೀಳುವ ತಪ್ಪುಗಳಲ್ಲಿ, ನಿಲ್ಲಿಸಿದರೆ ಹೊತ್ತಿನ ಹೊಂದಾಣಿಕೆಯೇ ಬದಲಾಗಿ ತಪ್ಪು ಮಾಯವಾಗುತ್ತದೆ. ಅಲ್ಲಿ ಲಾಗೇ ಗತಿ. ಪ್ರಿಂಟ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಪ್ರಿಂಟ್ ಬಿಟ್ಟರೆ ಬೇರೆ ಗೊತ್ತಿಲ್ಲದಿರುವುದು ಕೆಟ್ಟದ್ದು. ಹಾಕಿದ ಪ್ರಿಂಟ್ ತೆಗೆಯಲು ಮರೆತು ಗ್ರಾಹಕರ ಫೋನ್ ನಂಬರು ಲಾಗ್ ಫೈಲಿನಲ್ಲಿ ಬಿದ್ದಿರುವುದು ಇನ್ನೂ ಕೆಟ್ಟದ್ದು.

ಕಲಿಸಬೇಕಾದದ್ದು ಬೆಟ್ಟದಷ್ಟಿಲ್ಲ. ಇವತ್ತು ಬಹಳ ಮಂದಿ ಬಳಸುವ ವಿಎಸ್ ಕೋಡ್ ಎಡಿಟರಿನಲ್ಲಿ ಕೀಗಳು ಐದೇ. ಎಫ್9 ಒತ್ತಿದರೆ ಆ ಸಾಲಿನ ಪಕ್ಕ ಕೆಂಪು ಚುಕ್ಕೆ ಬೀಳುತ್ತದೆ. ಎಫ್5 ಓಡಿಸುತ್ತದೆ, ಚುಕ್ಕೆಯ ಬಳಿ ನಿಂತಿದ್ದರೆ ಮುಂದುವರಿಸುತ್ತದೆ. ಎಫ್10 ಒಂದು ಸಾಲು ಮುಂದಕ್ಕೆ. ಎಫ್11 ಆ ಸಾಲು ಕರೆಯುವ ಫಂಕ್ಷನ್ನಿನ ಒಳಕ್ಕೆ. ಶಿಫ್ಟ್ ಜೊತೆ ಎಫ್11 ಒತ್ತಿದರೆ ಅಲ್ಲಿಂದ ಹೊರಕ್ಕೆ. ಒಂದು ಮಧ್ಯಾಹ್ನದಲ್ಲಿ ಕೈಗೆ ಕೂರುತ್ತವೆ.

ಆಮೇಲೆ ಶುರುವಾಗುವುದು ನಿಜವಾದ ಪಾಠ. ಹತ್ತು ಸಾವಿರ ದಾಖಲೆಗಳ ಲೂಪಿನಲ್ಲಿ ಏಳು ಸಾವಿರದ ಚಿಲ್ಲರೆಯ ಹತ್ತಿರ ಎಲ್ಲೋ ಲೆಕ್ಕ ತಪ್ಪುತ್ತಿದೆ ಅನ್ನಿ. ಎಫ್10ನ್ನು ಏಳು ಸಾವಿರ ಸಲ ಒತ್ತಲಾಗದು. ಕೆಂಪು ಚುಕ್ಕೆಗೆ ಷರತ್ತು ಬರೆಯಬೇಕು: ಮೊತ್ತ ಸೊನ್ನೆಗಿಂತ ಕಡಿಮೆಯಾದರೆ ನಿಲ್ಲು. ಈ ಷರತ್ತು ಬರೆಯಬೇಕಾದರೆ ತಪ್ಪು ಹೇಗಿರುತ್ತದೆ ಎಂದು ಮೊದಲು ಊಹಿಸಲೇಬೇಕು. ಬೆರಳಿಗೆ ಬಿಡುವು ಸಿಕ್ಕಿ ತಲೆಗೆ ಕೆಲಸ ಬರುವುದು ಆ ಗಳಿಗೆಯಲ್ಲಿ. ನಿಂತ ಮೇಲೆ ಕಾಲ್ ಸ್ಟ್ಯಾಕ್ ಓದಲು ಕಲಿಯಬೇಕು. ಯಾರು ಯಾರನ್ನು ಕರೆದು ಇಲ್ಲಿಗೆ ಬಂದೆವು ಎಂಬ ವಂಶಾವಳಿ ಅದು. ಮಗ ಮಾಡಿದ ತಪ್ಪಿನ ಬೇರು ಎಷ್ಟೋ ಸಲ ಅಜ್ಜನ ಮನೆಯಲ್ಲಿರುತ್ತದೆ. ಕೋಡನ್ನು ಮುಟ್ಟದೇ ಲಾಗ್ ಬರೆಸುವ ಲಾಗ್‌ಪಾಯಿಂಟ್ ಅದೇ ಎಡಿಟರಿಗೆ 2018ರಲ್ಲೇ ಬಂದಿದೆ. ತೆಗೆಯಲು ಮರೆತ ಪ್ರಿಂಟಿನ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ‘ಹೋದ ತಿಂಗಳು ಸರಿಯಿತ್ತು, ಈಗ ಕೆಟ್ಟಿದೆ’ ಎಂದಾಗ ಗಿಟ್ ಬೈಸೆಕ್ಟ್ ಇದೆ. ಸಾವಿರ ಬದಲಾವಣೆಗಳ ನಡುವೆ ಕೆಡಿಸಿದ ಒಂದನ್ನು ಅರ್ಧಕ್ಕರ್ಧ ಕತ್ತರಿಸುತ್ತ ಹತ್ತೇ ಪರೀಕ್ಷೆಗಳಲ್ಲಿ ಹಿಡಿಯುತ್ತದೆ. ಮೂರು ವರ್ಷ ಅನುಭವ ಇದ್ದು ಇವುಗಳಲ್ಲಿ ಒಂದನ್ನೂ ಮುಟ್ಟದವರನ್ನು ನಾನು ಕಂಡಿದ್ದೇನೆ. ಅವರ ಬೆರಳುಗಳು ಮಾತ್ರ ವೀಣೆ ನುಡಿಸಿದಂತೆ ಓಡುತ್ತವೆ.

ಶಾರ್ಟ್‌ಕಟ್‌ಗಳನ್ನೆಲ್ಲ ಕಸದಬುಟ್ಟಿಗೆ ಹಾಕಿ ಎಂದು ಯಾರೂ ತಿಳಿಯಬೇಡಿ. ಈ ಹೆಸರು ಮೊದಲು ಎಲ್ಲಿ ಹುಟ್ಟಿತು ಎಂದು ತೋರಿಸುವ ಎಫ್12, ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತೋರಿಸುವ ಶಿಫ್ಟ್-ಎಫ್12, ಇವನ್ನು ನಾನು ದಿನಕ್ಕೆ ನೂರು ಸಲ ಒತ್ತುತ್ತೇನೆ. ಇವು ಓದುವವರ ಕೀಗಳು, ಕಣ್ಣಿಗೆ ದಾರಿ ತೋರಿಸುವಂಥವು. ಕಣ್ಣು ಕಾಣದ ಪ್ರೋಗ್ರಾಮರುಗಳು ಸ್ಕ್ರೀನ್ ರೀಡರ್ ಕೇಳುತ್ತ ಕೀಬೋರ್ಡಿನ ಮೇಲೇ ಇಡೀ ಕೆಲಸ ಮಾಡುತ್ತಾರೆ. ಮಣಿಕಟ್ಟಿನ ನೋವಿನಿಂದ ಮೌಸ್ ಹಿಡಿಯಲಾರದವರೂ ಇದ್ದಾರೆ. ಅವರಿಗೆ ಶಾರ್ಟ್‌ಕಟ್ ಊರುಗೋಲಿನಷ್ಟು ಅಗತ್ಯ. ಅದೇ ಮಣಿಕಟ್ಟಿನ ನೋವಿಗೆ ಕೀಬೋರ್ಡ್ ಬಿಟ್ಟು ಮೌಸ್ ಹಿಡಿದವರೂ ಇದ್ದಾರೆ. ಯಾರ ಕೈಗೆ ಯಾವುದು ಒಗ್ಗುತ್ತದೋ ಅದೇ ಅವರಿಗೆ ಸರಿ. ನನ್ನ ಜಗಳ ಇರುವುದು ಅದನ್ನು ಯೋಗ್ಯತೆಯ ಅಳತೆಗೋಲು ಮಾಡಿದವರ ಜೊತೆ.

ಇವತ್ತು ಈ ಮಾತಿಗೆ ಅವಸರವೂ ಬಂದಿದೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದ ಮೇಲೆ ಕೋಡನ್ನು ಯಂತ್ರವೇ ಬರೆದುಕೊಡುತ್ತಿದೆ. ಯಾವ ಬೆರಳೂ ಅದರ ವೇಗವನ್ನು ಮುಟ್ಟಲಾರದು. ಟೈಪಿಂಗಿನ ಪಂದ್ಯ ಮುಗಿಯಿತು, ಮನುಷ್ಯ ಸೋತ. ಇನ್ನು ನಮಗೆ ಉಳಿದಿರುವುದು ನಾವು ಬರೆಯದ ಕೋಡನ್ನು ಓದುವುದು, ನಂಬದಿರುವುದು, ನಿಲ್ಲಿಸಿ ಒಳಗೆ ಏನಿದೆ ಎಂದು ನೋಡುವುದು. ಇಂಥ ಹೊತ್ತಿನಲ್ಲಿ ಹೊಸಬರನ್ನು ಸೋತ ಪಂದ್ಯಕ್ಕೆ ತಯಾರು ಮಾಡುತ್ತ ಕೂರುವುದು ಅವರ ಭವಿಷ್ಯದ ಮೇಲೆ ನಾವು ಮಾಡುವ ಅಪಚಾರ.

ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ, ಕಚೇರಿಗಳಲ್ಲಿ ಹೊಸಬರನ್ನು ತಿದ್ದುವವರಿಗೆ ನನ್ನ ಕೋರಿಕೆ ಇಷ್ಟೇ. ಮೊದಲ ದಿನ ಶಾರ್ಟ್‌ಕಟ್ ಹಾಳೆ ಕೊಡಬೇಡಿ, ಕೆಟ್ಟಿರುವ ಒಂದು ಪ್ರೋಗ್ರಾಮು ಕೊಡಿ. ಇಂಟರ್‌ವ್ಯೂನಲ್ಲಿ ಖಾಲಿ ಫೈಲು ತೆರೆದು ಬರೆಯಿರಿ ಎನ್ನುವ ಬದಲು, ತಪ್ಪಿರುವ ನೂರು ಸಾಲು ಮುಂದಿಟ್ಟು, ಮೊದಲು ಎಲ್ಲಿ ನಿಲ್ಲಿಸುತ್ತೀರಿ, ಯಾಕೆ ಎಂದು ಕೇಳಿ. ಬೆರಳು ನೋಡಬೇಡಿ, ಪ್ರಶ್ನೆ ಕೇಳಿಸಿಕೊಳ್ಳಿ.

ನಾನು ಕಲಿಸುವಾಗ ಕೊಡುವ ಮೊದಲ ಅಭ್ಯಾಸ ಆ ಹೆಸರುಗಳ ಪಟ್ಟಿ ಮತ್ತು ಫೋಟೋಗಳೇ. ಕಮಲ ಸಿಗುತ್ತಾಳೆ, ಗೋಪಾಲ ಸಿಗುವುದಿಲ್ಲ. ಹುಡುಗರು ಹತ್ತು ನಿಮಿಷ ಪಟಪಟನೆ ಟೈಪ್ ಮಾಡುತ್ತಾರೆ. ಕ್ರಮೇಣ ಕೋಣೆಯ ಸದ್ದು ಇಳಿಯುತ್ತದೆ. ಯಾರೋ ಒಬ್ಬರು ಕೀಬೋರ್ಡಿನಿಂದ ಕೈ ತೆಗೆದು, ಕುರ್ಚಿಗೆ ಒರಗಿ, ಎರಡೂ ಹೆಸರುಗಳನ್ನು ಸುಮ್ಮನೆ ನೋಡತೊಡಗುತ್ತಾರೆ. ಪ್ರೋಗ್ರಾಮಿಂಗ್ ಶುರುವಾಯಿತು ಎಂದು ನನಗೆ ಗೊತ್ತಾಗುವುದು ಆಗ.